ತಲೆನೋವು ಎಷ್ಟಿದೆ ಅಂತಲ್ಲ, ಹೇಗಿದೆ ಅಂತ ನೋಡಿ

"ಅಮ್ಮಾ, ಲೈಟ್ ಆರಿಸು."

ಐದು ವರ್ಷದ ಮಗ ಹೀಗಂದಾಗ ಹೊರಗೆ ಇನ್ನೂ ಬೆಳಕಿತ್ತು. ಸೋಫಾದಲ್ಲಿ ಮುದುಡಿ ಮಲಗಿ, ಎರಡೂ ಅಂಗೈಯಿಂದ ಹಣೆ ಒತ್ತಿಕೊಂಡಿದ್ದ. ಮುಖ ಬಿಳಿಚಿಕೊಂಡಿತ್ತು. ಸ್ವಲ್ಪ ಹೊತ್ತಿಗೆ ವಾಂತಿ ಆಯಿತು, ಹಾಗೇ ನಿದ್ದೆ ಹೋದ. ಎರಡು ಗಂಟೆ ಬಿಟ್ಟು ಎದ್ದವನು ಏನೂ ಆಗಿಲ್ಲ ಅನ್ನೋ ಹಾಗೆ ತನ್ನ ಆಟದ ಕಾರು ಹುಡುಕಿದ. ಒಂದೇ ತಿಂಗಳಲ್ಲಿ ಅದು ಮೂರನೇ ಸಲ.

ಅವತ್ತು ರಾತ್ರಿ ಎರಡು ಕಡೆ ಫೋನ್ ಮಾಡಿದೆ. ನಾವಿರುವುದು ಬ್ರಿಟನ್‌ನಲ್ಲಿ. ಮೊದಲು ಇಲ್ಲಿ ಸಲಹೆ ಕೊಡುವ ನಂಬರ್‌ಗೆ ಮಾಡಿದೆ. ಆ ಕಡೆಯಿಂದ ಒಂದರ ಹಿಂದೆ ಒಂದು ಪ್ರಶ್ನೆ. ಜ್ವರ ಇದೆಯಾ? ಕತ್ತು ಬಗ್ಗಿಸಿದರೆ ನೋಯುತ್ತಾ? ಮೈಮೇಲೆ ದದ್ದು ಎದ್ದಿದೆಯಾ? ತಲೆಗೆ ಪೆಟ್ಟು ಬಿದ್ದಿತ್ತಾ? ಎಲ್ಲಕ್ಕೂ ಇಲ್ಲ ಅಂದೆ. "ಗಮನಿಸ್ತಾ ಇರಿ, ಹಗಲು ನಿಮ್ಮ ಡಾಕ್ಟರ್ ಹತ್ತಿರ ತೋರಿಸಿ" ಅಂದರು. ಆಮೇಲೆ ಊರಲ್ಲಿರುವ ಅಕ್ಕನಿಗೆ ಮಾಡಿದೆ. ಅವಳದ್ದು ಒಂದೇ ಮಾತು: "ಗಮನಿಸೋದೇನು ಬಂತು ಕಣೇ? ನಾಳೆನೇ ತಲೆದು ಸ್ಕ್ಯಾನ್ ಮಾಡಿಸಿಬಿಡು, ಮನಸ್ಸಿಗೆ ಸಮಾಧಾನ ಆಗುತ್ತೆ."

ಆ ರಾತ್ರಿ ನನಗೆ ಅಕ್ಕನ ಮಾತೇ ಸರಿ ಅನಿಸಿತ್ತು. ಊರಲ್ಲಿ ಇದ್ದಿದ್ದರೆ ಮಾರನೇ ಸಂಜೆಯೊಳಗೆ ಮಕ್ಕಳ ಡಾಕ್ಟರ್ ಮುಂದೆ ಕೂತಿರುತ್ತಿದ್ದೆ. ಬೇಕೆಂದರೆ ನೇರ ನರರೋಗದ ಡಾಕ್ಟರ್ ಹತ್ತಿರಕ್ಕೂ ಹೋಗಬಹುದಿತ್ತು. ಇಲ್ಲಿ ಹಾಗಲ್ಲ. ಮೊದಲು ಸಾಮಾನ್ಯ ಡಾಕ್ಟರ್. ಅವರಿಗೆ ಬೇಕು ಅನಿಸಿದರೆ ಮುಂದಿನವರು. ಸ್ಕ್ಯಾನ್ ಬೇಕೋ ಬೇಡವೋ ಅನ್ನುವುದು ಆಮೇಲಿನ ಮಾತು. ಕಾಯುವ ಆ ದಿನಗಳು ತಾಯಿಗೆ ಎಷ್ಟು ಉದ್ದ ಅನ್ನೋದು ಅನುಭವಿಸಿದವರಿಗೇ ಗೊತ್ತು.

ಮೂರು ದಿನದ ನಂತರ ಡಾಕ್ಟರ್ ನೋಡಿದರು. ಅವರು ಮಾಡಿದ ಪರೀಕ್ಷೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನೆಲದ ಮೇಲೆ ಗೆರೆ ಇದೆ ಅಂದುಕೊಂಡು ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನಡೆ ಅಂದರು. ಒಂಟಿ ಕಾಲಲ್ಲಿ ಕುಣಿಸಿದರು. ತನ್ನ ಮೂಗು ಮುಟ್ಟಿ, ಆಮೇಲೆ ಅವರ ಬೆರಳು ಮುಟ್ಟು ಅಂದರು. ಬೆರಳನ್ನು ಆ ಕಡೆ ಈ ಕಡೆ ಆಡಿಸಿ ಕಣ್ಣು ಹೇಗೆ ತಿರುಗುತ್ತೆ ನೋಡಿದರು. ರಕ್ತದ ಒತ್ತಡ ನೋಡಿದರು, ತಲೆಗೆ ಟೇಪು ಸುತ್ತಿ ಅಳೆದರು. ಕೋಣೆ ಕತ್ತಲು ಮಾಡಿ, ಸಣ್ಣ ದೀಪ ಹಿಡಿದು ಕಣ್ಣಿನ ಹಿಂಭಾಗ ಇಣುಕಿದರು. ತಲೆಯೊಳಗೆ ಒತ್ತಡ ಜಾಸ್ತಿಯಾದರೆ ಅಲ್ಲಿನ ನರದ ತುದಿ ಊದಿಕೊಳ್ಳಬಹುದಂತೆ. ಕೊನೆಗೆ ಒಂದು ಹಾಳೆ, ಬಣ್ಣದ ಪೆನ್ಸಿಲ್ ಕೊಟ್ಟು, "ನಿನ್ನ ತಲೆನೋವು ಹೇಗಿರುತ್ತೆ, ಚಿತ್ರ ಬಿಡಿಸಿ ತೋರಿಸು" ಅಂದರು. ಅವನು ಒಂದು ದುಂಡು ತಲೆ ಬರೆದ. ಹಣೆ ಮೇಲೆ ಸುತ್ತಿಗೆ. ಕಣ್ಣು ಎರಡೂ ಮುಚ್ಚಿದ್ದವು. ಪಕ್ಕದಲ್ಲಿ ಕಪ್ಪಾಗಿ ತಿದ್ದಿದ ಒಂದು ಬಲ್ಬು.

ನನ್ನ ಮಾತಿನಿಂದ ಗೊತ್ತಾಗದ್ದು ಆ ಚಿತ್ರದಿಂದ ಗೊತ್ತಾಯಿತು. ಬಡಿಯುವ ನೋವು, ಬೆಳಕು ಆಗಿಬರಲ್ಲ, ಜೊತೆಗೆ ವಾಂತಿ, ನಿದ್ದೆ ಮಾಡಿ ಎದ್ದರೆ ಪೂರ್ತಿ ಸರಿ. ನನಗೂ ಮೈಗ್ರೇನ್ ಇದೆ. ಇದೆಲ್ಲ ನೋಡಿ ಡಾಕ್ಟರ್, ಇದು ಮಕ್ಕಳ ಮೈಗ್ರೇನ್ ಅಂದರು. ದೊಡ್ಡವರ ಹಾಗೆ ಒಂದೇ ಪಕ್ಕ ಬರಬೇಕು ಅಂತಿಲ್ಲ, ಮಕ್ಕಳಿಗೆ ಹಣೆಯ ಎರಡೂ ಕಡೆ ಬರುವುದೇ ಜಾಸ್ತಿ. ಎರಡೇ ಗಂಟೆಯಲ್ಲಿ ಮುಗಿಯಲೂಬಹುದು. ಇಷ್ಟು ಚಿಕ್ಕವರಿಗೂ ಮೈಗ್ರೇನ್ ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಸ್ಕ್ಯಾನ್ ಕೇಳಿದೆ. ಅವರು ಬೇಸರ ಮಾಡಿಕೊಳ್ಳದೆ ಬಿಡಿಸಿ ಹೇಳಿದರು. ಸಿಟಿ ಸ್ಕ್ಯಾನ್ ಅಂದರೆ ಬೆಳೆಯುವ ಮಗುವಿನ ತಲೆಗೆ ವಿಕಿರಣ. ಎಂಆರ್‌ಐನಲ್ಲಿ ವಿಕಿರಣ ಇಲ್ಲ, ಆದರೆ ಅಲುಗಾಡದೆ ಮಲಗಬೇಕು. ಈ ವಯಸ್ಸಿನ ಎಷ್ಟೋ ಮಕ್ಕಳಿಗೆ ಅದಕ್ಕಾಗಿಯೇ ಮಂಪರು ಬರಿಸಬೇಕಾಗುತ್ತದೆ. ನೋವಿನ ಬಗೆ ಸ್ಪಷ್ಟವಾಗಿದ್ದು, ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದರೆ ಸ್ಕ್ಯಾನ್‌ನಲ್ಲಿ ಏನಾದರೂ ಸಿಗುವುದು ತೀರಾ ಅಪರೂಪ. ಅಪಾಯದ ಗುರುತು ಕಂಡರೆ ಮಾತ್ರ ಒಂದು ದಿನವೂ ತಡ ಮಾಡಬಾರದು.

ಇಲ್ಲಿಯ ರೀತಿ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ: ನೋವು ಹೇಗಿದೆ ಅಂತ ಮೊದಲು ನೋಡುತ್ತಾರೆ. ನಮ್ಮಲ್ಲಿ ನಾವು ಕೇಳುವ ಮೊದಲ ಪ್ರಶ್ನೆ "ಎಷ್ಟು ನೋವು?" ಜೋರಾಗಿ ಅತ್ತರೆ ಓಡುತ್ತೇವೆ, ಸುಮ್ನೆ ಇದ್ದರೆ ನಾವೂ ಸುಮ್ನಿರುತ್ತೇವೆ. ಮಗುವಿನ ತಲೆನೋವಿನಲ್ಲಿ ಈ ಅಳತೆ ನಮಗೆ ದಾರಿ ತಪ್ಪಿಸುತ್ತದೆ. ಕಿರುಚಿ ಅಳುವಷ್ಟು ನೋವು ಮೈಗ್ರೇನ್ ಇರಬಹುದು, ಸಂಜೆಗೆ ಹೋಗಬಹುದು. ದಿನಾ ಬೆಳಿಗ್ಗೆ ಬಂದು ಹೋಗುವ ಸಣ್ಣ ನೋವಿನ ಹಿಂದೆ ದೊಡ್ಡ ಕಾರಣ ಇರಬಹುದು.

ಬೆಳಗಿನ ನೋವಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಮಲಗಿದಾಗ ತಲೆಯೊಳಗಿನ ಒತ್ತಡ ಎದ್ದು ಕೂತಾಗಿನದಕ್ಕಿಂತ ಹೆಚ್ಚಿರುತ್ತದೆ. ಒಳಗೆ ಗಡ್ಡೆಯೋ, ನೀರು ತುಂಬಿಕೊಂಡಿದ್ದೋ ಇದ್ದರೆ ಇಡೀ ರಾತ್ರಿ ಮಲಗಿದ ಮೇಲೆ ಬೆಳಿಗ್ಗೆ ಅದು ಎದ್ದು ಕಾಣುತ್ತದೆ. ಮಗು ತಲೆನೋವಿಂದಲೇ ಎಚ್ಚರಾಗುತ್ತದೆ, ವಾಂತಿ ಮಾಡುತ್ತದೆ, ಎದ್ದು ಓಡಾಡಿದ ಮೇಲೆ ಹಗುರ ಅನಿಸಿ ಆಟಕ್ಕೆ ಹೋಗುತ್ತದೆ. ಹೊಟ್ಟೆ ಕೆಟ್ಟಿರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಭೇದಿ ಇಲ್ಲ, ಜ್ವರ ಇಲ್ಲ, ಬರೀ ಬೆಳಿಗ್ಗೆ ಮತ್ತೆ ಮತ್ತೆ ವಾಂತಿ ಅಂದರೆ ಅದು ಹೊಟ್ಟೆಯದ್ದೇ ತೊಂದರೆ ಅಂದುಕೊಂಡು ಕೂರಬೇಡಿ. ಕೆಮ್ಮಿದಾಗ, ತಿಣುಕಿದಾಗ, ಬಗ್ಗಿದಾಗ ನೋವು ಏರುವುದು, ವಾರದಿಂದ ವಾರಕ್ಕೆ ಜಾಸ್ತಿಯಾಗುವುದು, ನಡಿಗೆ ತೂರಾಡುವುದು, ಹೊಸದಾಗಿ ಮೆಳ್ಳೆಗಣ್ಣು, ತಲೆ ಒಂದೇ ಕಡೆ ವಾಲಿಸುವುದು, ಚುರುಕಾಗಿದ್ದ ಮಗು ಮಂಕಾಗುವುದು, ಇವೆಲ್ಲ ಅದೇ ಗುಂಪಿನವು. ತೀರಾ ಚಿಕ್ಕವರು ತಲೆನೋವು ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಆಟ ಬಿಡುತ್ತಾರೆ, ತಲೆ ಹಿಡಿದುಕೊಳ್ಳುತ್ತಾರೆ, ಎತ್ತಿಕೊಂಡರೂ ಅಳು ನಿಲ್ಲಿಸಲ್ಲ. ನಾಲ್ಕೈದು ವರ್ಷದೊಳಗಿನ ಮಗುವಿಗೆ ಪದೇ ಪದೇ ತಲೆನೋವು ಅಂದರೆ ಬೇರೆ ಗುರುತು ಇಲ್ಲದಿದ್ದರೂ ತೋರಿಸಲೇಬೇಕು.

ಕೆಲವು ಸಂದರ್ಭಗಳಲ್ಲಿ ಬೆಳಗಾಗಲಿ ಅಂತ ಕಾಯುವಂತೆಯೇ ಇಲ್ಲ. ಜ್ವರದ ಜೊತೆ ಕತ್ತು ಬಿಗಿಯಾಗುವುದು, ಗಾಜಿನ ಲೋಟ ಒತ್ತಿದರೂ ಮಾಸದ ದದ್ದು, ಫಿಟ್ಸ್, ಎಬ್ಬಿಸಿದರೂ ಏಳದಷ್ಟು ಮಂಪರು, ಕೈಕಾಲಲ್ಲಿ ಬಲ ಇಲ್ಲದಿರುವುದು, ಸಿಡಿಲು ಹೊಡೆದ ಹಾಗೆ ಒಮ್ಮೆಲೇ ಬಂದ ನೋವು, ಬಿದ್ದು ಪೆಟ್ಟಾದ ಮೇಲೆ ಮತ್ತೆ ಮತ್ತೆ ವಾಂತಿ. ಆಗ ಎಲ್ಲಿದ್ದರೂ ಸರಿ, ಆ ಕ್ಷಣವೇ ಆಂಬುಲೆನ್ಸ್ ಕರೆಯಬೇಕು, ಇಲ್ಲವೇ ಆಸ್ಪತ್ರೆಗೆ ಹೊರಡಬೇಕು.

ಇಲ್ಲಿಯ ರೀತಿಯಲ್ಲೂ ಕೊರತೆ ಇದೆ. "ಗಮನಿಸ್ತಾ ಇರಿ" ಅನ್ನುವ ಮಾತು ಕೆಲವು ಮಕ್ಕಳ ಪಾಲಿಗೆ ವಾರಗಟ್ಟಲೆ ಎಳೆದಿದೆ. ಬ್ರಿಟನ್‌ನಲ್ಲಿ ಮಕ್ಕಳ ಮೆದುಳಿನ ಗಡ್ಡೆ ಪತ್ತೆಯಾಗಲು ಸಾಮಾನ್ಯವಾಗಿ 14 ವಾರ ಹಿಡಿಯುತ್ತಿತ್ತು. ಅದಕ್ಕೇ 2011ರಲ್ಲಿ ಹೆಡ್‌ಸ್ಮಾರ್ಟ್ ಅನ್ನುವ ಅಭಿಯಾನ ಶುರುಮಾಡಿ, ಗುರುತುಗಳನ್ನು ವಯಸ್ಸಿಗೆ ತಕ್ಕಂತೆ ಚಿಕ್ಕ ಕಾರ್ಡಿನಲ್ಲಿ ಅಚ್ಚು ಹಾಕಿ ಅಪ್ಪ ಅಮ್ಮಂದಿರಿಗೂ ಡಾಕ್ಟರುಗಳಿಗೂ ಹಂಚಿದರು. ಮುಂದೆ ಆ ಸಮಯ 7 ವಾರಕ್ಕಿಂತ ಕೆಳಗಿಳಿಯಿತು. ಇಷ್ಟು ಆಗಿದ್ದರಲ್ಲಿ ಒಂದು ಕಾರ್ಡಿನ ಪಾಲೂ ಇದೆ ಅಂದರೆ, ನಮ್ಮ ಭಾಷೆಯಲ್ಲೂ ಅಂಥದ್ದು ಮನೆಮನೆಗೆ ಬರಲಿ ಅನ್ನುವುದು ನನ್ನ ದೊಡ್ಡ ಆಸೆ.

ಅಕ್ಕನ ಹಟದಿಂದಲೂ ನಾನು ಕಲಿತದ್ದಿದೆ. ಒಂದು ಸಲ ಸರಿಯಿದೆ ಅಂದರು ಅಂತ ಅವಳು ಬಿಡುವವಳಲ್ಲ, ಮತ್ತೆ ಹೋಗು ಅನ್ನುತ್ತಾಳೆ. ಇಲ್ಲಿ ನಾವು ಡಾಕ್ಟರಿಗೆ ತೊಂದರೆ ಕೊಟ್ಟಂತಾಗುತ್ತೆ ಅಂತ ಹಿಂಜರಿಯುತ್ತೇವೆ. ನೋವಿನ ರೀತಿ ಬದಲಾದರೆ, ಹೊಸದೇನಾದರೂ ಸೇರಿಕೊಂಡರೆ, ಹಿಂದಿನ ವಾರವಷ್ಟೇ ತೋರಿಸಿದ್ದರೂ ಮತ್ತೆ ಹೋಗಬೇಕು. ಮಗುವನ್ನು ದಿನಾ ನೋಡುವವರು ನಾವೇ ಅಲ್ವಾ?

ಔಷಧಿಯ ವಿಷಯ ಎರಡೇ ಮಾತು. ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಮಗುವಿನ ತೂಕಕ್ಕೆ ತಕ್ಕ ಅಳತೆಯಲ್ಲಿ, ನೋವು ಶುರುವಾದ ಕೂಡಲೇ ಕೊಟ್ಟರೆ ಕೆಲಸ ಮಾಡುತ್ತದೆ. ವಾರದಲ್ಲಿ ಎರಡು ಮೂರು ದಿನಕ್ಕಿಂತ ಜಾಸ್ತಿ ಬೇಕಾದರೆ ಡಾಕ್ಟರನ್ನು ಕೇಳಿ, ಮಾತ್ರೆಯೇ ತಲೆನೋವು ತರಲೂಬಹುದು. ಆಸ್ಪಿರಿನ್ ಮಾತ್ರ ಮಕ್ಕಳಿಗೆ ನೀವಾಗಿ ಕೊಡಬೇಡಿ. ಅದರಿಂದ ರೇ ಸಿಂಡ್ರೋಮ್ ಅನ್ನುವ, ಮೆದುಳು ಮತ್ತು ಪಿತ್ತಜನಕಾಂಗ ಕೆಡಿಸುವ ಅಪರೂಪದ ಕಾಯಿಲೆ ಬರುವ ಭಯ ಇದೆ.

ಡಾಕ್ಟರ್ ಹೇಳಿದ ಹಾಗೆ ಒಂದು ನೋಟ್‌ಬುಕ್ ಇಟ್ಟೆ. ಯಾವ ದಿನ, ಎಷ್ಟು ಹೊತ್ತಿಗೆ, ನಿದ್ದೆ ಎಷ್ಟಾಗಿತ್ತು, ಊಟ ತಪ್ಪಿತ್ತಾ, ನೀರು ಕುಡಿದಿದ್ದನಾ, ವಾಂತಿ ಆಯಿತಾ, ಹೇಗೆ ಹೋಯಿತು. ಎರಡು ತಿಂಗಳು ಬರೆದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಒಂಬತ್ತು ಸಲದಲ್ಲಿ ಏಳು ಸಲ, ಹಿಂದಿನ ರಾತ್ರಿ ತಡವಾಗಿ ಮಲಗಿದ್ದ. ಈಗ ಎಂಟಕ್ಕೆ ಮಲಗಿಸುತ್ತೇವೆ. ಕಳೆದ ತಿಂಗಳ ಪುಟದಲ್ಲಿ ಒಂದೇ ಒಂದು ಸಾಲಿದೆ. ಅಕ್ಕ ಪ್ರತಿ ಭಾನುವಾರ ಫೋನಿನಲ್ಲಿ ಆ ಪುಟ ಓದಿಸಿಕೊಳ್ಳುತ್ತಾಳೆ.