ಕಟ್ಟ ಕಟ್ಟಿದ ದಿನ ಕಲಿತದ್ದು

ಕಾಲೇಜಿನಲ್ಲಿ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಸೇರಿದರೆ ನಾಯಕತ್ವ ಬರುತ್ತದೆ ಅಂತ ಹೇಳುವುದುಂಟು. ನಿಜ, ಆದರೆ ಅದು ಮೈಕ್ ಹಿಡಿದು ಬರುವುದಲ್ಲ. ಮಂಗಳೂರಿನಲ್ಲಿ ಡಿಗ್ರಿ ಓದುವಾಗ ಏಳು ದಿನದ ಶಿಬಿರಕ್ಕೆ ಬೆಳ್ತಂಗಡಿ ಕಡೆಯ ಹಳ್ಳಿಗೆ ಹೋಗಿದ್ದೆವು. ಡಿಸೆಂಬರ್ ತಿಂಗಳು, ತೋಡಿನ (ಸಣ್ಣ ಹಳ್ಳದ) ನೀರು ಇಳಿಯುತ್ತಿತ್ತು, ಅದನ್ನು ತಡೆದು ನಿಲ್ಲಿಸಲು ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಕಟ್ಟಬೇಕಿತ್ತು. ಸಾಲಾಗಿ ನಿಂತು ಮರಳಿನ ಚೀಲ ಕೈಯಿಂದ ಕೈಗೆ ದಾಟಿಸಿದೆವು. ನಾನು ಹೇಳಿದ ಜಾಗದಲ್ಲಿ ಇಟ್ಟ ಚೀಲಗಳು ಎರಡು ಸಲ ಜಾರಿದವು. ತೋಟದ ಅಜ್ಜ ಬಂದು, ಮೊದಲು ಅಡಿಯ ಕೆಸರು ತೆಗೆದು ಕಲ್ಲು ಕೂರಿಸಿ ಮಕ್ಕಳೇ ಅಂದರು. ಸಂಜೆಗೆ ನೀರು ಮೊಣಕಾಲಿನವರೆಗೆ ನಿಂತಿತ್ತು, ಅವರ ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿದೆವು. ಊರವರ ಮಾತು ಮೊದಲು ಕೇಳಬೇಕು ಅಂತ ಗೊತ್ತಾದದ್ದು ಅವತ್ತೇ.

ಎನ್ನೆಸ್ಸೆಸ್‌ನಲ್ಲಿ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು, ಅದು ಜಾಸ್ತಿ ಆಯ್ತು ಅನ್ನುವವರಿಗೆ: ವಾರಕ್ಕೆ ಎರಡೂವರೆ ಗಂಟೆಯೂ ಆಗುವುದಿಲ್ಲ. 1969ರಲ್ಲಿ, ಗಾಂಧೀಜಿ ಶತಮಾನೋತ್ಸವದ ವರ್ಷ ಶುರುವಾದ ಯೋಜನೆ ಇದು, 'ನನಗಲ್ಲ, ನಿನಗೆ' ಅನ್ನುವುದು ಇದರ ಧ್ಯೇಯವಾಕ್ಯ. ಸುಮ್ನೆ ಸರ್ಟಿಫಿಕೇಟಿಗೆ ಸೇರಿದರೆ ಏನು ಬಂತು?

ಕಾಲೇಜುಗಳಲ್ಲಿ ಒಂದು ವಿನಂತಿ. ಪ್ರತಿ ವರ್ಷ ಹೊಸ ಊರು ಹುಡುಕಬೇಡಿ. ಮಣ್ಣು, ಚೀಲದ ಕಟ್ಟ ಮಳೆಗಾಲಕ್ಕೆ ಉಳಿಯುವುದಿಲ್ಲ, ಮತ್ತೆ ಕಟ್ಟಲೇಬೇಕು. ಅದೇ ಊರಿಗೆ ಮುಂದಿನ ಬ್ಯಾಚನ್ನೂ ಕಳಿಸಿ.