ಗುಪ್ತಚರರನ್ನು ಪ್ರಶ್ನಿಸುವ ಸಂಸದ ನಮಗೂ ಬೇಕು

2013ರ ಮಾರ್ಚ್ 12ರಂದು ಅಮೆರಿಕದ ಸೆನೆಟ್ ಗುಪ್ತಚರ ಸಮಿತಿಯಲ್ಲಿ ನಾನಿರುವ ಆರೆಗನ್ ರಾಜ್ಯದ ಸೆನೆಟರ್ ರಾನ್ ವೈಡನ್ ಒಂದು ಪ್ರಶ್ನೆ ಕೇಳಿದರು. ಕೋಟಿಗಟ್ಟಲೆ ಅಮೆರಿಕನ್ನರ ಯಾವುದಾದರೂ ಮಾಹಿತಿಯನ್ನು ದೇಶದ ಕಣ್ಗಾವಲು ಸಂಸ್ಥೆ ಎನ್‌ಎಸ್‌ಎ ಕಲೆಹಾಕುತ್ತಿದೆಯೇ? ಎದುರಿಗೆ ಕೂತಿದ್ದವರು ದೇಶದ ಗುಪ್ತಚರ ಮುಖ್ಯಸ್ಥ ಜೇಮ್ಸ್ ಕ್ಲಾಪರ್. ಇಲ್ಲ, ಗೊತ್ತಿದ್ದು ಹಾಗೆ ಮಾಡುತ್ತಿಲ್ಲ ಎಂದರು.

ಪ್ರಶ್ನೆಯನ್ನು ಹಿಂದಿನ ದಿನವೇ ಕ್ಲಾಪರ್ ಕಚೇರಿಗೆ ಕಳಿಸಲಾಗಿತ್ತು. ಉತ್ತರ ಸರಿಯಿಲ್ಲ ಎಂದು ವೈಡನ್‌ಗೆ ಗೊತ್ತಿತ್ತು. ಆದರೆ ಸಮಿತಿಯ ಸದಸ್ಯರು ರಹಸ್ಯವನ್ನು ಹೊರಗೆ ಹೇಳುವಂತಿಲ್ಲ. ಜೂನ್‌ನಲ್ಲಿ ಅದೇ ಸಂಸ್ಥೆಗೆ ಗುತ್ತಿಗೆಯಲ್ಲಿ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಕೊಟ್ಟ ದಾಖಲೆಗಳು ಪತ್ರಿಕೆಗಳಿಗೆ ಬಂದವು. ಯಾರು ಯಾರಿಗೆ ಫೋನ್ ಮಾಡಿದರು, ಎಷ್ಟು ಹೊತ್ತು ಮಾತಾಡಿದರು ಎಂಬ ವಿವರವನ್ನು ಸರ್ಕಾರ ರಾಶಿ ರಾಶಿಯಾಗಿ ತರಿಸಿಕೊಳ್ಳುತ್ತಿತ್ತು. 2015ರಲ್ಲಿ ಕಾನೂನು ತಂದು ಅದನ್ನು ನಿಲ್ಲಿಸಬೇಕಾಯಿತು.

ವೈಡನ್ 1996ರಿಂದ ಸೆನೆಟ್‌ನಲ್ಲಿದ್ದಾರೆ. ಆರೆಗನ್‌ನ 36 ಕೌಂಟಿಗಳಲ್ಲೂ (ನಮ್ಮ ಜಿಲ್ಲೆಗಳಿದ್ದ ಹಾಗೆ) ಪ್ರತಿ ವರ್ಷ ಜನರ ಮುಂದೆ ಬಹಿರಂಗ ಸಭೆ ನಡೆಸುತ್ತೇನೆ ಎಂದು ಮಾತು ಕೊಟ್ಟವರು. ಇಂಟೆಲ್‌ನಂಥ ಕಂಪನಿಗಳಿಂದಾಗಿ ಕನ್ನಡಿಗರು ನೆಲೆಸಿರುವ ನಮ್ಮ ವಾಷಿಂಗ್ಟನ್ ಕೌಂಟಿಯೂ ಅದರಲ್ಲಿ ಒಂದು.

ಅವರು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. 2001ರಲ್ಲಿ ಸರ್ಕಾರದ ಕಣ್ಗಾವಲು ಅಧಿಕಾರವನ್ನು ಹೆಚ್ಚಿಸಿದ ಪೇಟ್ರಿಯಟ್ ಕಾಯ್ದೆಗೆ ಅವರೂ ಮತ ಹಾಕಿದರು. ಸೆನೆಟ್‌ನಲ್ಲಿ ಅದನ್ನು ವಿರೋಧಿಸಿದ್ದು ರಸ್ ಫೈನ್‌ಗೋಲ್ಡ್ ಒಬ್ಬರೇ. ಎಷ್ಟೋ ಸಲ ವೈಡನ್ ಸೋತಿದ್ದಾರೆ ಕೂಡ. ವಿದೇಶಿಯರ ಮೇಲೆ ಕಣ್ಣಿಡಲು ಬಿಡುವ, ವಿದೇಶಿ ಗುಪ್ತಚರ ಕಣ್ಗಾವಲು ಕಾಯ್ದೆಯ 702ನೇ ಸೆಕ್ಷನ್ ಅಡಿ ಅಮೆರಿಕನ್ನರ ಸಂದೇಶಗಳೂ ಸಿಕ್ಕಿಬೀಳುತ್ತವೆ. ಅವನ್ನು ಹುಡುಕುವ ಮೊದಲು ನ್ಯಾಯಾಧೀಶರ ವಾರಂಟ್ ಬೇಕು ಎಂದು ಅವರು ವರ್ಷಗಟ್ಟಲೆ ವಾದಿಸಿದರು. 2024ರಲ್ಲಿ ಆ ಷರತ್ತಿಲ್ಲದೆಯೇ ಕಾಯ್ದೆ ಮುಂದುವರಿಯಿತು. ಆದರೆ ಅವರು ಕೇಳಿದ್ದಕ್ಕೆ ಫಲ ಸಿಕ್ಕಿದ್ದೂ ಇದೆ. ಮೊಬೈಲ್ ಎಲ್ಲೆಲ್ಲಿ ಓಡಾಡಿತು ಎಂಬ ಮಾಹಿತಿಯನ್ನು ವಾರಂಟ್ ಇಲ್ಲದೆ ಖಾಸಗಿ ದಲ್ಲಾಳಿಗಳಿಂದ ಕೊಳ್ಳುತ್ತಿದ್ದೇವೆ ಎಂದು 2021ರಲ್ಲಿ ರಕ್ಷಣಾ ಗುಪ್ತಚರ ಸಂಸ್ಥೆ ಒಪ್ಪಿಕೊಂಡದ್ದು ಅವರ ಕಚೇರಿ ಕೇಳಿದ್ದಕ್ಕೇ.

ನಮ್ಮೂರಿನ ಕಡೆ ನೋಡಿದರೆ, ಧೈರ್ಯಕ್ಕೇನೂ ಕೊರತೆಯಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ವಯಸ್ಸು 86. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. ಕನ್ನಡಿಗನಾಗಿ ನನಗೆ ಇದು ದೊಡ್ಡ ಹೆಮ್ಮೆ. 1988ರಲ್ಲಿ ಫೋನ್ ಕದ್ದಾಲಿಕೆ ವಿವಾದದಿಂದ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನವನ್ನೇ ಬಿಟ್ಟರು. ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂತು. ಕರ್ನಾಟಕ 2000ದಲ್ಲೇ ತನ್ನದೇ ಕಾಯ್ದೆ ಮಾಡಿತ್ತು.

ಕೊರತೆ ಇರುವುದು ಬೇರೆ ಕಡೆ. ಐಬಿ, ರಾ ಸಂಸ್ಥೆಗಳನ್ನು ಕರೆಸಿ ಕೇಳುವ ಸಂಸದೀಯ ಸಮಿತಿಯೇ ನಮ್ಮಲ್ಲಿಲ್ಲ. ಫೋನ್ ಕದ್ದಾಲಿಸಲು ನ್ಯಾಯಾಧೀಶರ ಅನುಮತಿ ಬೇಕಿಲ್ಲ, ಗೃಹ ಕಾರ್ಯದರ್ಶಿಯ ಸಹಿ ಸಾಕು. ಆಮೇಲೆ ಅದು ಸರಿಯೋ ತಪ್ಪೋ ಎಂದು ನೋಡುವ ಸಮಿತಿಯಲ್ಲೂ ಇರುವವರು ಸರ್ಕಾರಿ ಕಾರ್ಯದರ್ಶಿಗಳೇ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಲ್ವಾ? ಅದರ ಮೇಲೆ, 2023ರ ದತ್ತಾಂಶ ರಕ್ಷಣಾ ಕಾಯ್ದೆ ತನಗೆ ಬೇಕಾದ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಮಾಹಿತಿ ಹಕ್ಕು ಕಾಯ್ದೆಯನ್ನೂ ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೆ ಅರ್ಜಿ ತಳ್ಳಿಹಾಕುವುದನ್ನು ಸಲೀಸು ಮಾಡಿದೆ. ನನ್ನ ಗುಟ್ಟು ಸರ್ಕಾರಕ್ಕೆ ಗೊತ್ತಾಗಬಹುದು, ಸರ್ಕಾರದ ಗುಟ್ಟು ನನಗೆ ಗೊತ್ತಾಗಬಾರದು. ಇದು ಖಾಸಗಿತನದ ರಕ್ಷಣೆ ಆಗಲು ಹೇಗೆ ಸಾಧ್ಯ?

ಅಮೆರಿಕದಲ್ಲಿ ಎಲ್ಲ ನೆಟ್ಟಗಿದೆ ಅಂತಲ್ಲ. ಕ್ಲಾಪರ್ ಮೇಲೆ ಮೊಕದ್ದಮೆಯೂ ಆಗಲಿಲ್ಲ. ಆದರೆ ಅವರ ಉತ್ತರ ಕ್ಯಾಮೆರಾ ಮುಂದೆ ದಾಖಲಾಗಿತ್ತು, ಮೂರು ತಿಂಗಳ ನಂತರ ಜನ ಅದನ್ನು ಎತ್ತಿ ತೋರಿಸಿದರು. ನಮ್ಮಲ್ಲಿ ಆ ಪ್ರಶ್ನೆ ಕೇಳುವ ಜಾಗವನ್ನೇ ಕಟ್ಟಿಲ್ಲ. ಕೋರ್ಟು ಹಕ್ಕನ್ನು ಹೇಳಬಹುದು, ಅಧಿಕಾರಿಗಳನ್ನು ವರ್ಷವರ್ಷವೂ ಕೂರಿಸಿ ಕೇಳುವುದು ಸಂಸತ್ತಿನ ಕೆಲಸ.

2011ರಲ್ಲಿ ಸಂಸದ ಮನೀಶ್ ತಿವಾರಿ ಗುಪ್ತಚರ ಸಂಸ್ಥೆಗಳನ್ನು ಕಾನೂನಿನಡಿ ತರುವ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾಯ್ದೆಯಾಗಲಿಲ್ಲ. ಕರ್ನಾಟಕದಿಂದ ಲೋಕಸಭೆಗೆ 28 ಜನ ಹೋಗುತ್ತಾರೆ. ಅವರಲ್ಲಿ ಒಬ್ಬರಾದರೂ ಅಂಥ ಮಸೂದೆಯನ್ನು ಮತ್ತೆ ಮಂಡಿಸಲಿ. ಊರಲ್ಲಿರುವ ನೀವು ನಿಮ್ಮ ಸಂಸದರಿಗೆ ಇದನ್ನು ಬರೆದು ಕೇಳಿ.