ಲೆಕ್ಕ ಮಾಡಿ ಮರೆತುಬಿಡುವ ಯಂತ್ರ

ಶಿರಸಿಯ ಅಡಿಕೆ ವಖಾರಿಯಲ್ಲಿ ಕೂಡಿಸಿ ಗುಣಿಸುವುದಕ್ಕಷ್ಟೇ ಬೇಕಾದ ಕ್ಯಾಲ್ಕುಲೇಟರ್ ಆ್ಯಪ್ ಒಂದು, ಫೋನಿನಲ್ಲಿರುವ ಹೆಸರುಗಳ ಪಟ್ಟಿಯನ್ನೂ ನಾವು ಇರುವ ಜಾಗವನ್ನೂ ಏಕೆ ಕೇಳಬೇಕು ಎಂಬ ಪ್ರಶ್ನೆಗೆ ಒಪ್ಪತಕ್ಕ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ಏನನ್ನೂ ಕೇಳದ ಆ್ಯಪ್‌ಗಳೂ ಬೇಕಾದಷ್ಟಿವೆ. ಆದರೆ ಯಾವುದು ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ನೋಡುವ ಗೋಜಿಗೆ ಹೋಗದೆ ಅನುಮತಿ ಕೊಡುವ ‘ಅಲೋ’ ಗುಂಡಿ ಒತ್ತಿಬಿಡುವುದು ನಮಗೆಲ್ಲ ರೂಢಿಯಾಗಿದೆ. ಕೈಯಿಂದ ತಿರುಗಿಸುವ ಹಳೆಯ ಲೆಕ್ಕದ ಯಂತ್ರಗಳ ರಿಪೇರಿಗೂ ಒಳಗಿನ ಬರಹ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶದ ಹುಚ್ಚಿಗೂ ಏನು ಸಂಬಂಧವೆಂದು ನನ್ನನ್ನು ಕೇಳುವವರಿಗೆ ನಾನು ಹೇಳುವುದಿಷ್ಟು: ಯಂತ್ರವು ವಹಿಸಿದ ಕೆಲಸವನ್ನು ಮಾತ್ರ ಮಾಡುತ್ತಿದೆಯೇ ಎಂದು ಬಿಚ್ಚಿ ನೋಡುವ ಅವಕಾಶ ಬಳಸುವವರಿಗೆ ಇರಬೇಕು, ಮತ್ತು ಈ ಎರಡು ಕಡೆಗಳಲ್ಲಿ ಅದು ಇದೆ.

ನನ್ನ ಮೇಜಿನ ಮೇಲಿರುವುದು ಪಿನ್‌ವೀಲ್ ಜಾತಿಯ ಯಂತ್ರ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೆಲೆಸಿದ್ದ ಸ್ವೀಡನ್ನಿನ ಇಂಜಿನಿಯರ್ ವಿಲ್ಗಾಟ್ ಓಡ್ನರ್ 19ನೇ ಶತಮಾನದ ಉತ್ತರಾರ್ಧದಲ್ಲಿ ರೂಪಿಸಿದ ಈ ವಿನ್ಯಾಸವನ್ನು 1892ರಿಂದ ಜರ್ಮನಿಯಲ್ಲಿ ಬ್ರುನ್ಸ್‌ವಿಗಾ ಎಂಬ ಹೆಸರಿನಲ್ಲಿ ತಯಾರಿಸಿದರು. ಸೋವಿಯತ್ ದೇಶದಲ್ಲಿ ಅದೇ ವಿನ್ಯಾಸ ಫೆಲಿಕ್ಸ್ ಆಗಿ 1970ರ ದಶಕದವರೆಗೂ ಬಾಳಿತು. ಇದರ ಒಳಗುಟ್ಟು ಸರಳ. ಪ್ರತಿಯೊಂದು ಸ್ಥಾನಕ್ಕೆ ಒಂದು ಚಕ್ರ, ಆ ಚಕ್ರದಲ್ಲಿ ಒಳಗೆ ಅಡಗಬಲ್ಲ ಒಂಬತ್ತು ಹಲ್ಲುಗಳು. ಹಿಡಿಯನ್ನು ಏಳಕ್ಕೆ ಎಳೆದರೆ ಏಳು ಹಲ್ಲುಗಳು ಹೊರಗೆ ಬರುತ್ತವೆ, ಬದಿಯ ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರೆ ಅವು ಉತ್ತರದ ಚಕ್ರವನ್ನು ಏಳು ಮನೆ ಮುಂದೆ ತಳ್ಳುತ್ತವೆ. ಕಿಲೋಗೆ 437 ರೂಪಾಯಿಯ ದರದಲ್ಲಿ 26 ಕಿಲೋ ಅಡಿಕೆಯ ಲೆಕ್ಕ ಬೇಕೆನ್ನಿ: 437 ಹಾಕಿ ಆರು ಸುತ್ತು ತಿರುಗಿಸಿ, ಉತ್ತರದ ಚಕ್ರಗಳಿರುವ ಕೆಳಗಿನ ಗಾಡಿಯನ್ನು ಒಂದು ಸ್ಥಾನ ಸರಿಸಿ, ಇನ್ನೆರಡು ಸುತ್ತು ತಿರುಗಿಸಿದರೆ ಒಂದು ಕಿಂಡಿಯಲ್ಲಿ 26, ಇನ್ನೊಂದರಲ್ಲಿ 11362 ಎಂದು ಕಾಣುತ್ತದೆ. ಹಿಮ್ಮುಖವಾಗಿ ತಿರುಗಿಸಿದರೆ ಕಳೆಯುತ್ತದೆ. ಸೊನ್ನೆಯಿಂದ ಒಂದನ್ನು ಕಳೆಯಲು ಹೋದರೆ ಕಿಂಡಿಯ ತುಂಬ ಒಂಬತ್ತುಗಳು ಸಾಲಾಗಿ ನಿಂತು ಒಳಗಿನ ಪುಟ್ಟ ಗಂಟೆ ಟಣ್ ಎನ್ನುತ್ತದೆ. ಭಾಗಾಕಾರಕ್ಕೆ ಆ ಗಂಟೆಯೇ ಆಧಾರ: ಗಂಟೆ ಬಾರಿಸುವವರೆಗೆ ಕಳೆಯುತ್ತ ಹೋಗಿ, ಬಾರಿಸಿದೊಡನೆ ಒಂದು ಸುತ್ತು ಮುಮ್ಮುಖವಾಗಿ ತಿರುಗಿಸಿ ಕೂಡಿಸಿ, ಗಾಡಿ ಸರಿಸಿ ಮುಂದುವರಿಯಬೇಕು.

ಸಂಗ್ರಹಕಾರರ ಕಣ್ಣೆಲ್ಲ ಕುರ್ಟಾ ಎಂಬ ಪುಟ್ಟ ಲೆಕ್ಕದ ಯಂತ್ರದ ಮೇಲೆ. ಬುಖೆನ್‌ವಾಲ್ಡ್ ಸೆರೆಶಿಬಿರದಲ್ಲಿದ್ದಾಗ ಕುರ್ಟ್ ಹೆರ್ಜ್‌ಸ್ಟಾರ್ಕ್ ಅದರ ನಕ್ಷೆಗಳನ್ನು ಬಿಡಿಸಿದ ಚರಿತ್ರೆಯೂ ಅಂಗೈಯಲ್ಲಿ ಹಿಡಿಯುವ ಅದರ ಚೆಲುವೂ ಅಸಾಧಾರಣವಾದವು ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಕಲಿಯುವವರಿಗೆ ನಾನು ಹೇಳುವುದು ಪಿನ್‌ವೀಲನ್ನೇ, ಏಕೆಂದರೆ ಮೇಲಿನ ತಗಡನ್ನು ತೆಗೆದರೆ ಸಾಕು, ಯಾವುದು ಯಾವುದನ್ನು ತಳ್ಳುತ್ತಿದೆ ಎಂಬುದು ಹೈಸ್ಕೂಲಿನ ಮಕ್ಕಳಿಗೂ ಕಾಣುತ್ತದೆ.

ಕಾರವಾರದ ಗುಜರಿಯಲ್ಲಿ ಸಿಗುವ ಯಂತ್ರಗಳು ಸಾಮಾನ್ಯವಾಗಿ ತಿರುಗುವುದೇ ಇಲ್ಲ. ಉಪ್ಪುಗಾಳಿಯಿಂದ ತುಕ್ಕು ಹಿಡಿದಿರುತ್ತದೆ ಎಂಬುದು ನಿಜವಾದರೂ, ಬಹುಪಾಲು ತೊಂದರೆ ತುಕ್ಕಿನದಲ್ಲ. ಹತ್ತಾರು ವರ್ಷಗಳಿಂದ ಬಿಟ್ಟ ಎಣ್ಣೆ ಹಲಸಿನ ಮೇಣದಂತೆ ಗಟ್ಟಿಯಾಗಿರುವುದು. ಆಗ ಹಿಡಿಕೆಯನ್ನು ಬಲವಂತವಾಗಿ ತಿರುಗಿಸಬಾರದು. ಗಾಡಿ ಸರಿಯಾಗಿ ಕೂರದಿದ್ದರೆ ಹಿಡಿಕೆ ಅಲುಗದಂತೆ ಒಳಗೊಂದು ತಡೆ ಇರುತ್ತದೆ, ಅವಸರ ಮಾಡಿದರೆ ಅದೇ ಮುರಿಯುತ್ತದೆ. ಒಂದೊಂದು ಸ್ಕ್ರೂ ತೆಗೆಯುವ ಮೊದಲೂ ಫೋಟೋ ತೆಗೆದುಕೊಂಡು, ಪೇಂಟಿನ ಅಂಗಡಿಯ ಟರ್ಪಂಟೈನ್‌ನಲ್ಲಿ ತೊಳೆದು, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಣಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಿಂದ ಮುಟ್ಟಿಸಿದರೆ ಸಾಕು. ಸ್ಪ್ರೇ ಡಬ್ಬಿಯಿಂದ ಎಲ್ಲೆಂದರಲ್ಲಿ ಹೊಡೆದರೆ ಅದು ಮುಂದೊಂದು ದಿನ ಮತ್ತೆ ಅಂಟಾಗುತ್ತದೆ. ನಮ್ಮಲ್ಲಿ ಈ ಕೆಲಸವನ್ನು ಮಳೆಗಾಲದಲ್ಲಿ ಮಾಡಬಾರದು. ಎಣ್ಣೆ ಕಳೆದುಕೊಂಡ ಉಕ್ಕಿನ ಮೇಲೆ ಆಷಾಢದ ತೇವಕ್ಕೆ ಬೆಳಗಾಗುವುದರೊಳಗೆ ಕೆಂಪು ಪುಡಿ ಏಳುತ್ತದೆ. (ಟರ್ಪಂಟೈನ್ ಹಚ್ಚಿದ್ದನ್ನು ಅಡಿಕೆ ಒಣಗಿಸುವ ಒಲೆಯ ಮೇಲಿನ ಅಟ್ಟದಲ್ಲಿ ಇಡುವ ಉಪಾಯ ಯಾರಿಗೂ ಹೊಳೆಯದಿರಲಿ.)

ಈ ಯಂತ್ರದ ಇನ್ನೊಂದು ಗುಣವನ್ನು ನಾನು ಬಹಳ ಮೆಚ್ಚುತ್ತೇನೆ. ಅಳಿಸುವ ಹಿಡಿಯನ್ನು ತಿರುವಿದರೆ ಉತ್ತರವೆಲ್ಲ ಸೊನ್ನೆಯಾಗುತ್ತದೆ, ಮೊದಲು ಏನಿತ್ತು ಎಂಬುದರ ಕುರುಹೂ ಉಳಿಯುವುದಿಲ್ಲ. ಒಮ್ಮೆ ಇದನ್ನು ನೋಡಲು ಬಂದಿದ್ದ ನಮ್ಮ ಕಡೆಯ ಹಿರಿಯ ತೋಟಿಗರೊಬ್ಬರು ಚಾಲಿ ಅಡಿಕೆಯ ಲೆಕ್ಕವೊಂದನ್ನು ಮಾಡಿಸಿ, ಅಳಿಸಿಸಿ, “ಮತ್ಯಾರಿಗೂ ಕಾಣ್ತಿಲ್ಲೆ ಅಲ್ದಾ ತಮಾ?” ಎಂದು ಕೇಳಿದ್ದರು. ಯಾವ ಮನೆಯಲ್ಲಿ ಎಷ್ಟು ಮಾಲಿದೆ, ಯಾರಿಗೆ ಎಷ್ಟು ಸಾಲವಿದೆ ಎಂಬುದು ಪೇಟೆಗೆ ತಿಳಿದರೆ ದರ ಕೇಳುವ ಬಾಯಿಯೇ ಬೇರೆಯಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದುದರಿಂದ ‘ಮುಚ್ಚಿಡಲು ಏನೂ ಇಲ್ಲದವನಿಗೆ ಭಯವೇಕೆ’ ಎಂದು ವಾದಿಸುವವರು ಮೊದಲು ಅಡಿಕೆ ಬೆಳೆಗಾರರ ಜಗಲಿಯಲ್ಲಿ ಒಂದು ಗಳಿಗೆ ಕುಳಿತು ಬರಲಿ.

ಮುಕ್ತ ತಂತ್ರಾಂಶವೆಂದರೆ ತಾನಾಗಿಯೇ ಸುರಕ್ಷಿತ ಎಂದು ಸಾರುವ ಗೆಳೆಯರ ಮಾತನ್ನೂ ನಾನು ಒಪ್ಪುವುದಿಲ್ಲ. ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯ ಜಗತ್ತಿನಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಎಕ್ಸ್‌ಝಡ್ ಎಂಬ ಕಡತಗಳನ್ನು ಕುಗ್ಗಿಸುವ ತಂತ್ರಾಂಶದೊಳಗೆ, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸಗಾರನಂತೆ ನಟಿಸಿ ನಂಬಿಕೆ ಗಳಿಸಿದ ಒಬ್ಬಾತ ಕಳ್ಳಬಾಗಿಲನ್ನು ಸೇರಿಸಿದ್ದು 2024ರ ಮಾರ್ಚ್ ಕೊನೆಯಲ್ಲಿ ಬಯಲಾಯಿತು. ಅದನ್ನು ಹಿಡಿದ ಆಂಡ್ರೆಸ್ ಫ್ರಾಯಿಂಡ್ ಕಳ್ಳನನ್ನು ಹುಡುಕಿ ಹೊರಟವರಲ್ಲ. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಎಂದಿನದಕ್ಕಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಪಟ್ಟು ಕೆದಕಿದವರು. ಹಿಡಿಕೆ ತಿರುಗಿಸುವಾಗ ನೂರರ ಸ್ಥಾನದಲ್ಲಿ ಒಂಬತ್ತು ದಾಟಿ ಮುಂದಿನ ಸ್ಥಾನಕ್ಕೆ ಒಂದು ಸೇರುವ ಹೊತ್ತಿಗೆ ಒಂದಿಷ್ಟು ಬಿಗಿಯೆನಿಸಿದರೆ ರಿಪೇರಿಯವರು ಕೂಡಲೇ ಅಲ್ಲಿ ಟಾರ್ಚ್ ಬಿಡುತ್ತಾರಲ್ಲ, ಅದೇ ಸ್ವಭಾವ. ಬಾಗಿಲು ತೆರೆದಿದ್ದರಿಂದ ಕಳ್ಳನೂ ಒಳಗೆ ಬಂದ, ಅವನನ್ನು ಹುಡುಕಲೂ ಸಾಧ್ಯವಾಯಿತು. ಒಳಗಿನ ಬರಹಕ್ಕೆ, ಅಂದರೆ ಆಕರ ಸಂಕೇತಕ್ಕೆ, ಬೀಗ ಹಾಕಿರುವ ತಂತ್ರಾಂಶದಲ್ಲಿ ಹೊರಗಿನವರಿಗೆ ಆ ಅರ್ಧ ಸೆಕೆಂಡಿನ ಬೆನ್ನು ಹತ್ತುವುದು ಬಹಳ ಕಷ್ಟ.

ಮನೆಯ ಲೆಕ್ಕಪತ್ರಗಳಿಗೆ ನಾನು ಬಳಸುತ್ತಿರುವುದು ಸಿಂಕ್‌ಥಿಂಗ್. ಇದು ಕಡತಗಳನ್ನು ಮೂರನೆಯವರ ಕಂಪ್ಯೂಟರಿನಲ್ಲಿ ಇರಿಸದೆ ನಮ್ಮ ಫೋನು, ಲ್ಯಾಪ್‌ಟಾಪುಗಳ ನಡುವೆಯೇ ಗೂಢಲಿಪಿಯಲ್ಲಿ ಸಾಗಿಸುತ್ತದೆ. ಘಟ್ಟದ ಮೇಲೆ ಗಾಳಿಮಳೆಗೆ ಇಂಟರ್‌ನೆಟ್ ಹೋದರೂ ಮನೆಯೊಳಗಿನ ವೈಫೈ ಇದ್ದರೆ ಕೆಲಸ ನಿಲ್ಲುವುದಿಲ್ಲ. ಇಲ್ಲಿ ಅದು ಸಣ್ಣ ಸೌಕರ್ಯವಲ್ಲ. ಆ್ಯಪ್‌ಗಳನ್ನು ಮುಕ್ತ ತಂತ್ರಾಂಶಗಳ ಭಂಡಾರವಾದ ಎಫ್-ಡ್ರಾಯ್ಡ್‌ನಿಂದ ತೆಗೆದುಕೊಳ್ಳುತ್ತೇನೆ, ಅಲ್ಲಿನ ಕ್ಯಾಲ್ಕುಲೇಟರ್ ನನ್ನ ಊರು ಯಾವುದೆಂದು ಕೇಳಿದ್ದಿಲ್ಲ. ಹಳೆಯ ಫೋನೊಂದಕ್ಕೆ ಆಂಡ್ರಾಯ್ಡ್ ಆಧಾರಿತ ಮುಕ್ತ ಕಾರ್ಯವ್ಯವಸ್ಥೆಯಾದ ಲಿನಿಯೇಜ್ ಓಎಸ್ ಹಾಕಿಕೊಂಡದ್ದರಿಂದ, ತಯಾರಕರು ಕೈಬಿಟ್ಟ ಮೇಲೂ ಅದಕ್ಕೆ ಹೊಸ ಭದ್ರತಾ ತಿದ್ದುಪಡಿಗಳು ಬರುತ್ತಿವೆ. ಆದರೆ ನಾನು ವ್ಯವಹರಿಸುವ ಬ್ಯಾಂಕೊಂದರ ಆ್ಯಪ್ ಅದರಲ್ಲಿ ತೆರೆಯಲು ಒಪ್ಪುವುದಿಲ್ಲ. ವ್ಯವಸ್ಥೆ ಬದಲಾಗಿರುವ ಫೋನನ್ನು ನಂಬಲಾಗದು ಎಂಬುದು ಅದರ ಸಬೂಬು. ವರ್ಷಗಳಿಂದ ಒಂದೂ ತಿದ್ದುಪಡಿ ಕಾಣದ ನನ್ನ ಇನ್ನೊಂದು ಫೋನಿನಲ್ಲಿ ಮಾತ್ರ ಅದು ಯಾವ ತಕರಾರೂ ಇಲ್ಲದೆ ತೆರೆದುಕೊಳ್ಳುತ್ತದೆ. ಸದ್ಯಕ್ಕೆ ಬ್ಯಾಂಕಿನ ಆ ಒಂದು ಕೆಲಸಕ್ಕಾಗಿಯೇ ಎರಡನೆಯ ಫೋನಿಗೂ ಚಾರ್ಜ್ ಹಾಕುತ್ತಿದ್ದೇನೆ.